ರೈಫಲ್ ಕೇಸ್ ಅನೀಲಿಂಗ್: ಗ್ಯಾಸ್ ಜ್ವಾಲೆಯೋ, ಇಂಡಕ್ಷನ್ನೋ?

ಪ್ರಶ್ನೆ: ನಮಸ್ಕಾರ ಮೇಡಂ. ಅರಿಜೋನಾದಲ್ಲಿದ್ದೀನಿ. .308 ವಿಂಚೆಸ್ಟರ್‌ನಲ್ಲಿ ಟಾರ್ಗೆಟ್ ಶೂಟಿಂಗ್ ಮಾಡ್ತೀನಿ, ತೋಟಾ ಮನೇಲೇ ರೀಲೋಡ್ ಮಾಡ್ಕೋತೀನಿ, ಅಂದ್ರೆ ಖಾಲಿ ಕೇಸ್‌ಗೆ (ತೋಟಾದ ಹಿತ್ತಾಳೆ ಕವಚ) ಮತ್ತೆ ಮದ್ದು, ಬುಲೆಟ್ ತುಂಬ್ತೀನಿ. ಕೆಲವು ಸಲ ಬಳಸಿದ ಮೇಲೆ ಕೇಸ್‌ಗಳ ಕುತ್ತಿಗೆ (ಬುಲೆಟ್ ಹಿಡಿಯುವ ಕಿರಿದಾದ ಬಾಯಿ) ಸೀಳ್ತಿದೆ. ಅನೀಲಿಂಗ್ ಮಾಡಬೇಕು, ಅಂದ್ರೆ ಕಾಯಿಸಿ ಮೆದು ಮಾಡಬೇಕು ಅಂತಾರೆ. ಕ್ಲಬ್ಬಿನ ಹಿರಿಯರು "ಪ್ರೊಪೇನ್ ಟಾರ್ಚ್‌ನಲ್ಲಿ ಕೆಂಪಗಾಗೋವರೆಗೆ ಕಾಯಿಸಿ ನೀರಿಗೆ ಹಾಕು" ಅಂತಾರೆ, ಹುಡುಗರು ಇಂಡಕ್ಷನ್ನೇ ಬೇಕು ಅಂತಾರೆ. ಆದ್ರೆ ಅಮ್ಮನ ಹಿತ್ತಾಳೆ ಪಾತ್ರೆ ಇಂಡಕ್ಷನ್ ಒಲೆ ಮೇಲೆ ಕಾಯೋದೇ ಇಲ್ವಲ್ಲ, ಕೇಸ್ ಹೇಗೆ ಕಾಯುತ್ತೆ?

ಉತ್ತರ: ನಮಸ್ಕಾರ. ಒಲೆ ವಿಷಯ ಮೊದಲು ಮುಗಿಸ್ತೀನಿ. ಅಡುಗೆಮನೆಯ ಒಲೆ ಕಬ್ಬಿಣದಂಥ, ಅಯಸ್ಕಾಂತ ಹಿಡಿಯುವ ಪಾತ್ರೆಗೆ ಮಾಡಿದ್ದು. ಹಿತ್ತಾಳೆಗೆ ಅಯಸ್ಕಾಂತ ಹಿಡಿಯಲ್ಲ, ಕರೆಂಟಿಗೆ ಅದರ ಪ್ರತಿರೋಧವೂ ಕಡಿಮೆ. ಹಾಗಾಗಿ ಒಲೆ ಅದನ್ನು ಪಾತ್ರೆ ಅಂತಲೇ ಗುರುತಿಸಲ್ಲ. ಅನೀಲಿಂಗ್ ಯಂತ್ರದಲ್ಲಿ ಕೇಸ್ ಕಾಯಿಲ್‌ನ ಮಧ್ಯದಲ್ಲೇ ಇರುತ್ತೆ, ಆವರ್ತನವೂ ಹೆಚ್ಚು. 100 ಕಿಲೋಹರ್ಟ್ಸ್‌ನಲ್ಲಿ ಹಿತ್ತಾಳೆಯೊಳಗೆ ಸುಳಿ ಕರೆಂಟ್ (ಕಾಯಿಲ್‌ನಿಂದಾಗಿ ಲೋಹದೊಳಗೇ ಸುತ್ತಿ ಅದನ್ನು ಕಾಯಿಸುವ ಕರೆಂಟ್) ಇಳಿಯುವ ಆಳ ಸುಮಾರು 0.4 ಮಿ.ಮೀ. ನಿಮ್ಮ .308ರ ಕುತ್ತಿಗೆಯ ಗೋಡೆ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಇಡೀ ಗೋಡೆ ಒಟ್ಟಿಗೇ ಕಾಯುತ್ತೆ.

ಈಗ ಸೀಳುವ ವಿಷಯ. ಕೇಸ್ ಅಂದ್ರೆ 70 ಭಾಗ ತಾಮ್ರ, 30 ಭಾಗ ಸತು. ಗುಂಡು ಹಾರಿದಾಗ ಕುತ್ತಿಗೆ ಹಿಗ್ಗುತ್ತೆ, ಡೈಗೆ (ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು) ಹಾಕಿದಾಗ ಕುಗ್ಗುತ್ತೆ. ಪ್ರತಿ ಸಲವೂ ಲೋಹ ಗಡುಸಾಗ್ತಾ ಹೋಗುತ್ತೆ. ಸೀಳುವುದಕ್ಕೂ ಮುಂಚೆಯೇ ಅದರ ಪುಟಿತ ಹೆಚ್ಚಿ, ಬುಲೆಟ್ ಮೇಲಿನ ಹಿಡಿತ ಒಂದೊಂದು ಕೇಸ್‌ನಲ್ಲಿ ಒಂದೊಂದು ಥರ ಆಗುತ್ತೆ. ಟಾರ್ಗೆಟ್ ಶೂಟರ್‌ಗೆ ಅದೇ ದೊಡ್ಡ ತಲೆನೋವು.

ಕಾಯಿಸಿದರೆ ಹೊಸ ಹರಳುಗಳು ಹುಟ್ಟಿ ಲೋಹ ಮೆದುವಾಗುತ್ತೆ. ಕೈಪಿಡಿಗಳಲ್ಲಿ ಈ ಹಿತ್ತಾಳೆಗೆ 425ರಿಂದ 750 ಡಿಗ್ರಿ ಸೆಲ್ಸಿಯಸ್ ಅಂತ ಇರುತ್ತೆ. ಅದು ಫರ್ನೇಸ್‌ನಲ್ಲಿ ನಿಧಾನವಾಗಿ ಕಾಯಿಸುವವರ ಲೆಕ್ಕ. ನೀವು ಕೊಡೋದು ಕೆಲವೇ ಸೆಕೆಂಡು. ಇಷ್ಟು ಕಡಿಮೆ ಹೊತ್ತಿನಲ್ಲಿ ಅರ್ಧ ಸೆಕೆಂಡಿನ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತೆ. ನನ್ನ ಪ್ರಕಾರ ಇಂಡಕ್ಷನ್‌ನ ನಿಜವಾದ ಲಾಭ ಇಲ್ಲೇ ಇದೆ. ಅದರ ಶಾಖ ಶ್ರೇಷ್ಠ ಅಂತಲ್ಲ, ಇವತ್ತಿನ ಮೊದಲ ಕೇಸಿಗೂ ಮುಂದಿನ ತಿಂಗಳ ಕೊನೆಯ ಕೇಸಿಗೂ ಅದೇ ಶಾಖ ಕೊಡುತ್ತೆ. ಜ್ವಾಲೆ ಹಾಗಲ್ಲ. ಸಿಲಿಂಡರ್ ತಣ್ಣಗಾದಂತೆ ಗ್ಯಾಸ್ ಒತ್ತಡ ಇಳಿಯುತ್ತೆ, ಗಾಳಿ ಬೀಸಿದರೆ ತುದಿ ಅಲುಗಾಡುತ್ತೆ, ಕೇಸನ್ನು ಸಮನಾಗಿ ತಿರುಗಿಸದಿದ್ದರೆ ಒಂದು ಕಡೆ ಹೆಚ್ಚು ಬೇಯುತ್ತೆ.

ಹಾಗಂತ ಟಾರ್ಚ್ ತಪ್ಪಲ್ಲ. "ಕೆಂಪಗಾಗೋವರೆಗೆ" ಅನ್ನೋ ಅಳತೆ ತಪ್ಪು. ಬಿಸಿಲಿನ ಶೆಡ್ಡಿನಲ್ಲಿ ಕೆಂಪು ಕಣ್ಣಿಗೆ ಬೀಳೋ ಹೊತ್ತಿಗೆ ತಡವಾಗಿರುತ್ತೆ, ಕತ್ತಲಲ್ಲಿ ಅದೇ ಬಣ್ಣ ಮೊದಲೇ ಕಾಣುತ್ತೆ. ಬದಲಿಗೆ ಟೆಂಪಿಲ್ಯಾಕ್ ತಗೊಳ್ಳಿ, ನಿಗದಿತ ಶಾಖಕ್ಕೆ ಕರಗುವ ಬಣ್ಣ ಅದು. 750 ಫ್ಯಾರನ್‌ಹೀಟ್‌ನದ್ದು (ಸುಮಾರು 400 ಸೆಲ್ಸಿಯಸ್) ಕುತ್ತಿಗೆಯ ಒಳಗೆ, 450ರದ್ದು ಹೆಗಲಿನ (ಕುತ್ತಿಗೆ ಕೆಳಗೆ ಕೇಸ್ ಅಗಲವಾಗುವ ಭಾಗ) ಕಾಲು ಇಂಚು ಕೆಳಗೆ ಹಚ್ಚಿ. ಮೇಲಿನದು ಕರಗಬೇಕು, ಕೆಳಗಿನದು ಕರಗಬಾರದು. ಹಳೆಯ ಕೇಸ್‌ಗಳಲ್ಲಿ ಸೆಕೆಂಡು ಗೊತ್ತುಮಾಡಿಕೊಂಡು ಆಮೇಲೆ ಒಳ್ಳೆಯವನ್ನು ಮುಟ್ಟಿ. ಬ್ರಾಂಡ್ ಬದಲಾದರೆ ಗೋಡೆ ದಪ್ಪವೂ ಬದಲಾಗುತ್ತೆ, ಆಗ ಮತ್ತೆ ಮೊದಲಿಂದ. ಇಂಡಕ್ಷನ್‌ನವರಿಗೂ ಈ ಮಾತು ಅನ್ವಯಿಸುತ್ತೆ.

ಬುಡ ಮಾತ್ರ ಯಾವ ಕಾರಣಕ್ಕೂ ಮೆದುವಾಗಬಾರದು. .308ರಲ್ಲಿ ಒತ್ತಡದ ಮಿತಿ 62,000 ಪಿಎಸ್ಐ (ಚದರ ಇಂಚಿಗೆ ಅಷ್ಟು ಪೌಂಡ್). ಬುಡ ಮೆತ್ತಗಾದರೆ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಕೂರುವ ಕುಳಿ ಹಿಗ್ಗಿ ಬಿಸಿ ಅನಿಲ ಹಿಂದಕ್ಕೆ, ನಿಮ್ಮ ಮುಖದ ಕಡೆಗೇ ನುಗ್ಗಬಹುದು. ಕಾಯಿಸಿ ಮೆದುವಾದ ಹಿತ್ತಾಳೆಯನ್ನು ಮತ್ತೆ ಕಾಯಿಸಿ ಗಡುಸು ಮಾಡೋಕಾಗಲ್ಲ, ತಣ್ಣಗಿದ್ದಾಗ ಒತ್ತಿ ಬಡಿದೇ ಗಡುಸಾಗಬೇಕು. ಅಂಥ ಕೇಸ್ ಗುಜರಿಗೆ ಹಾಕಿ. ಪ್ರೈಮರ್ ತೆಗೆಯದೆ ಯಾವುದನ್ನೂ ಕಾಯಿಸಬೇಡಿ, ಮದ್ದಿನ ಡಬ್ಬಿ ಆ ಕೋಣೆಯಲ್ಲೇ ಇರಬಾರದು.

ಪ್ರಶ್ನೆ: ಮೇಡಂ, ನೀರಿಗೆ ಹಾಕಿದರೆ ಮತ್ತೆ ಗಡುಸಾಗಲ್ವಾ? ಮಚ್ಚು-ಕತ್ತಿಗೆ ಹದ ಕೊಡೋ ಹಾಗೆ?

ಉತ್ತರ: ಇಲ್ಲ. ಅದು ಉಕ್ಕಿನ ಗುಣ, ಹಿತ್ತಾಳೆಯದ್ದಲ್ಲ. ನೀರು ಮಾಡೋದು ಒಂದೇ ಕೆಲಸ, ಶಾಖ ಬುಡದ ಕಡೆ ಹರಿಯೋದನ್ನ ತಡೆಯುತ್ತೆ. ಕಾಯಿಸುವ ಹೊತ್ತು ಸರಿಯಿದ್ದರೆ ನೀರೂ ಬೇಡ. ಹಾಕಿದರೆ ಚೆನ್ನಾಗಿ ಒಣಗಿಸಿ.

ಪ್ರಶ್ನೆ: ನಾನು ಕೊಡಗಿನ ವಿರಾಜಪೇಟೆಯವನು. ನಮ್ಮ ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಮೇಡಂ, ಇಲ್ಲೂ ರೀಲೋಡ್ ಮಾಡಬಹುದಾ?

ಉತ್ತರ: ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋದಕ್ಕೆ. ತೋಟಾ ತಯಾರಿಸೋಕೆ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಡಿ ಬೇರೆಯೇ ಪರವಾನಗಿ ಬೇಕು. ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಅನೀಲ್ ಮಾಡಿದ ಮೇಲೆ ಕುತ್ತಿಗೆಗೆ ನೀಲಿ-ಕಂದು ಬಣ್ಣ ಬರುತ್ತೆ. ಹಿತ್ತಾಳೆ ಪಾಲಿಶ್‌ನಲ್ಲಿ ಉಜ್ಜಬಹುದಾ?

ಉತ್ತರ: ಬಣ್ಣದಿಂದ ತೊಂದರೆಯಿಲ್ಲ, ಮಿಲಿಟರಿ ತೋಟಾಗಳಲ್ಲಿ ಅದನ್ನು ಹಾಗೇ ಬಿಡ್ತಾರೆ. ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡವೇ ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆ ಮಳೆಗಾಲದಲ್ಲಿ ತೋಟಾಗಳನ್ನ ಕುದುರೆ ಲಾಯದಲ್ಲಿ ಇಡ್ತಿತ್ತು. ಕುದುರೆ ಮೂತ್ರದ ಅಮೋನಿಯಾಕ್ಕೆ, ಯಾರೂ ಮುಟ್ಟದೇ ಇದ್ದ ಕೇಸ್‌ಗಳು ತಾವಾಗಿಯೇ ಬಿರುಕು ಬಿಡ್ತಿದ್ದವು. ಲೋಹ ತಯಾರಾಗುವಾಗಲೇ ಒಳಗೆ ಉಳಿದ ಒತ್ತಡ, ಜೊತೆಗೆ ಅಮೋನಿಯಾ, ಇವೆರಡೂ ಸೇರಿದರೆ ಹಿತ್ತಾಳೆ ಉಳಿಯಲ್ಲ. ಅನೀಲಿಂಗ್ ಕುತ್ತಿಗೆಯ ಒತ್ತಡ ಇಳಿಸುತ್ತೆ, ಆದರೆ ಬುಡ ಮತ್ತು ಮೈಯದ್ದು ಹಾಗೇ ಉಳಿದಿರುತ್ತೆ. ಟಂಬ್ಲರ್‌ಗೆ (ಕೇಸ್‌ಗಳನ್ನು ಉರುಳಿಸಿ ಉಜ್ಜುವ ಯಂತ್ರ) ಬರೀ ಜೋಳದ ದಿಂಡಿನ ಪುಡಿ ಹಾಕಿ ಉಜ್ಜಿ, ಸಾಕು.