ನಾಯಿ ರಕ್ತದಲ್ಲಿ ಮೈಕ್ರೋಫೈಲೇರಿಯಾ ಬಂದಿದೆ, ಅನುಭವ ಇದ್ದವರು ದಯವಿಟ್ಟು ಹೇಳಿ

ನಮ್ಮದು ನಾಲ್ಕು ವರ್ಷದ ನಾಟಿ ನಾಯಿ, ಮನೆ ಬೆಳ್ಳಂದೂರು ಕೆರೆ ಹತ್ತಿರ. ಜ್ವರ ಬಂತು ಅಂತ ಟಿಕ್ ಫೀವರ್‌ಗೆ ರಕ್ತ ಪರೀಕ್ಷೆ ಮಾಡಿಸಿದ್ವಿ. ಅದು ಇಲ್ಲ, ಮೈಕ್ರೋಫೈಲೇರಿಯಾ ಇದೆ ಅಂತ ರಿಪೋರ್ಟ್ ಬಂತು. ಪಕ್ಕದ ಮನೆಯವರು ಹುಳ ಕೊಲ್ಲೋ ಐವರ್ಮೆಕ್ಟಿನ್ ಇಂಜೆಕ್ಷನ್ ಒಂದು ಹಾಕಿಸಿ, ಸರಿಹೋಗುತ್ತೆ ಅಂತಾರೆ. ಹಾಕಿಸಲಾ? ಮನೇಲಿ ಚಿಕ್ಕ ಮಗು ಬೇರೆ ಇದೆ.

ಬನಶಂಕರಿಯಿಂದ:

ಈಗಲೇ ಹಾಕಿಸಬೇಡಿ. ಮೊದಲು ಯಾವ ಹುಳ ಅಂತ ಗೊತ್ತಾಗಲಿ. ಮೈಕ್ರೋಫೈಲೇರಿಯಾ ಅಂದ್ರೆ ಹುಳದ ಮರಿಗಳು ಅಷ್ಟೇ, ತಾಯಿ ಹುಳ ಬೇರೆ ಕಡೆ ಇರುತ್ತೆ. ಡೈರೊಫೈಲೇರಿಯಾ ಇಮ್ಮಿಟಿಸ್, ಅಂದ್ರೆ ಹಾರ್ಟ್‌ವರ್ಮ್ ಆದ್ರೆ ಶ್ವಾಸಕೋಶದ ರಕ್ತನಾಳದಲ್ಲಿ, ಹೃದಯದ ಬಲಭಾಗದಲ್ಲಿ. ಡೈರೊಫೈಲೇರಿಯಾ ರೆಪೆನ್ಸ್ ಆದ್ರೆ ಚರ್ಮದ ಕೆಳಗೆ. ಎರಡನ್ನೂ ಹರಡೋದು ಸೊಳ್ಳೆ, ಆದರೆ ಅಪಾಯ ಒಂದೇ ಅಲ್ಲ.

ನಮ್ಮ ಲ್ಯಾಬ್ರಡಾರ್‌ಗೆ ಮೊಣಕೈ ಹತ್ತಿರ ಚರ್ಮದಡಿ ಸಣ್ಣ ಗಂಟು, ಸದಾ ಕೆರೆತ. ಡಾಕ್ಟ್ರು ಒಂದು ಹನಿ ರಕ್ತ ಸ್ಲೈಡ್ ಮೇಲೆ ಹಾಕಿ, ಬಣ್ಣನೂ ಹಚ್ಚದೆ ಹಾಗೇ ತೋರಿಸಿದ್ರು. ಕೆಂಪು ಕಣಗಳ ಮಧ್ಯೆ ದಾರದ ಎಳೆ ಥರ ಹುಳ ಒದ್ದಾಡ್ತಾ, ಕಣಗಳನ್ನ ಅತ್ತಿತ್ತ ತಳ್ತಾ ಇತ್ತು. ಆಮೇಲೆ ನಾಟ್ಸ್ ಟೆಸ್ಟ್ ಮಾಡಿದ್ರು: ರಕ್ತಕ್ಕೆ ಫಾರ್ಮಲಿನ್ ನೀರು ಬೆರೆಸಿ, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳದಲ್ಲಿ ಉಳಿದಿದ್ದನ್ನ ಬಣ್ಣ ಹಾಕಿ ನೋಡೋದು. ಹಾರ್ಟ್‌ವರ್ಮ್ ಆಂಟಿಜನ್ ಟೆಸ್ಟ್ ನೆಗೆಟಿವ್ ಬಂತು, ರೆಪೆನ್ಸ್ ಅಂತ ತೀರ್ಮಾನ ಆಯ್ತು. ಮಾಕ್ಸಿಡೆಕ್ಟಿನ್ ಇರೋ ಹನಿ ಔಷಧಿ ತಿಂಗಳಿಗೊಮ್ಮೆ ಕತ್ತಿನ ಹಿಂದೆ ಹಾಕ್ತಾ ಬಂದ್ವಿ, ಈಗ ಚೆನ್ನಾಗಿದ್ದಾಳೆ. ಆದ್ರೆ ಆಂಟಿಜನ್ ಟೆಸ್ಟ್ ಹಿಡಿಯೋದು ಬೆಳೆದ ಹೆಣ್ಣು ಹುಳವನ್ನ ಮಾತ್ರ. ಸೊಳ್ಳೆ ಕಚ್ಚಿ ಆರೇಳು ತಿಂಗಳು ಆಗೋವರೆಗೆ ನೆಗೆಟಿವ್ ಬರಬಹುದು, ಮತ್ತೊಮ್ಮೆ ಮಾಡಿಸಿ.

ಇಂಜೆಕ್ಷನ್ ಬೇಡ ಅಂದಿದ್ದು ಯಾಕಂದ್ರೆ, ರಕ್ತದಲ್ಲಿ ಮರಿಗಳು ತುಂಬಾ ಇದ್ದು ಒಟ್ಟಿಗೆ ಸತ್ತರೆ ನಾಯಿ ಶಾಕ್‌ಗೆ ಹೋಗಬಹುದು. ಹಾರ್ಟ್‌ವರ್ಮ್ ತಡೆಯೋಕೆ ಕೊಡೋ ಐವರ್ಮೆಕ್ಟಿನ್ ಪ್ರಮಾಣ ತೀರಾ ಕಡಿಮೆ, ಕೆಜಿಗೆ 6 ಮೈಕ್ರೋಗ್ರಾಂ. ಉಣ್ಣಿ, ಕಜ್ಜಿ ಅಂತ ಚುಚ್ಚೋದು ಅದರ ಎಷ್ಟೋ ಪಟ್ಟು.

ಯಲಹಂಕದಿಂದ:

ಮೇಲೆ ಹೇಳಿದ್ದು ಸರಿ. ನಮ್ಮದು ಇನ್ನೊಂದು ಬಗೆ. ಗುವಾಹಟಿಯಿಂದ ಟ್ರಾನ್ಸ್‌ಫರ್ ಆದಾಗ ಜೊತೆಗೆ ಬಂದ ನಾಯಿ. ಸ್ವಲ್ಪ ಓಡಿದ್ರೂ ಕೆಮ್ಮು, ತೂಕ ಇಳೀತಿತ್ತು. ಎಕ್ಸ್‌ರೇ, ಎಕೋ (ಹೃದಯದ ಸ್ಕ್ಯಾನ್) ಆದಮೇಲೆ ಹಾರ್ಟ್‌ವರ್ಮ್ ಅಂತ ಖಚಿತ ಆಯ್ತು. ಬೆಳೆದ ಹುಳ ಕೊಲ್ಲೋ ಮೆಲಾರ್ಸೊಮೈನ್ ನಮಗೆ ಸಿಗಲಿಲ್ಲ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ನಾಲ್ಕು ವಾರ, ಜೊತೆಗೆ ಮಾಕ್ಸಿಡೆಕ್ಟಿನ್ ಕೊಟ್ವಿ. ಹುಳದ ಒಳಗೇ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಬದುಕಿರುತ್ತೆ, ಅದು ಸತ್ತರೆ ಹುಳ ಸೊರಗುತ್ತೆ. ಡಾಕ್ಸಿಸೈಕ್ಲಿನ್ ಮಾತ್ರೆ ಖಾಲಿ ಹೊಟ್ಟೆಗೆ ಕೊಟ್ರೆ ವಾಂತಿ, ಅನ್ನದ ಜೊತೆಗೇ ಕೊಡಿ.

ಕಷ್ಟ ಆಗಿದ್ದು ಔಷಧಿ ಅಲ್ಲ, ವಿಶ್ರಾಂತಿ. ಸತ್ತ ಹುಳದ ಚೂರು ಶ್ವಾಸಕೋಶದ ನಾಳಕ್ಕೆ ಅಡ್ಡ ಕೂತ್ಕೊಳ್ಳುತ್ತೆ. ಆಗ ನಾಯಿ ಓಡಿದ್ರೆ ಪ್ರಾಣಕ್ಕೇ ಬರುತ್ತೆ. ತಿಂಗಳುಗಟ್ಟಲೆ ಮೆಟ್ಟಿಲಿನಲ್ಲಿ ಎತ್ಕೊಂಡೇ ಇಳಿಸಿದ್ವಿ, ಬೆಲ್ ಆದ್ರೆ ಹಾರಬಾರದು ಅಂತ ಬೆಲ್ ಸ್ವಿಚ್ಚನ್ನೇ ತೆಗೆಸಿದ್ವಿ.

ಮಲ್ಲೇಶ್ವರದಿಂದ:

ಕೋಲಿ ತಳಿಯ ನಾಯಿ ಇರೋರು ಐವರ್ಮೆಕ್ಟಿನ್ ಹೆಸರು ಕೇಳಿದ ಕೂಡಲೇ ಡಾಕ್ಟ್ರಿಗೆ ತಳಿ ಹೇಳಿ. ಕೆಲವು ನಾಯಿಗಳಲ್ಲಿ ದೊಡ್ಡ ಡೋಸ್ ಮಿದುಳಿಗೇ ಹೊಡೆಯುತ್ತೆ.

ಇನ್ನು ಮಗು ಬಗ್ಗೆ: ನಾಯಿ ಮುಟ್ಟಿದ್ರೆ, ನೆಕ್ಕಿದ್ರೆ ಇದು ಬರಲ್ಲ. ಸೊಳ್ಳೆ ಕಚ್ಚೇ ಬರಬೇಕು. ರೆಪೆನ್ಸ್ ಮನುಷ್ಯರ ಚರ್ಮದಡಿ, ಕಣ್ಣಲ್ಲಿ ಸಿಕ್ಕಿದ್ದು ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ವರದಿಯಾಗಿದೆ, ಆದ್ರೆ ಅಪರೂಪ. ಮಗುಗೂ ನಾಯಿಗೂ ಸೇರಿ ಸಂಜೆ ಹೊತ್ತು ಕಿಟಕಿ ಜಾಲರಿ ಹಾಕಿ, ಸಂಪ್ ಮುಚ್ಚಿ, ಕುಂಡದ ತಟ್ಟೆ ನೀರು ಚೆಲ್ಲಿ.

ಆ ಲ್ಯಾಬ್‌ನಲ್ಲಿ ಸ್ಲೈಡ್ ಇನ್ನೂ ಇದ್ರೆ ಇಸ್ಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ತಗೊಂಡು ಹೋಗಿ. ನಾಯೀನೂ ಕರ್ಕೊಂಡು ಹೋಗಿ, ಹೊಸದಾಗಿ ರಕ್ತ ತೆಗೀಬೇಕಾಗಬಹುದು.