ನಾಯಿಯ ಕುತ್ತಿಗೆಗೆ ಬೇರೆ ನಾಯಿ ಕಚ್ಚಿದೆ, ನಾಳೆವರೆಗೆ ಕಾಯಬಹುದಾ?

ತೋಟದಮನೆ, ಕೊಪ್ಪ
ನಿನ್ನೆ ಸಂಜೆ ಬೀದಿನಾಯಿಗಳು ನಮ್ಮ ಕರಿಯನ ಕುತ್ತಿಗೆಗೆ ಕಚ್ಚಿವೆ. ಎರಡು ಸಣ್ಣ ತೂತು, ಅಷ್ಟೇ. ರಕ್ತ ಬೇಗ ನಿಂತಿತು. ಅಮ್ಮ ಅರಿಶಿನ ಮೆತ್ತಿದರು. ಇವತ್ತು ಅನ್ನ ಮುಟ್ಟಲಿಲ್ಲ, ಕುತ್ತಿಗೆ ಹತ್ತಿರ ಕೈ ಹೋದರೆ ಗುರ್ ಅನ್ನುತ್ತಾನೆ. ಭಾನುವಾರ, ಪಶು ಆಸ್ಪತ್ರೆ ಬಾಗಿಲು ಹಾಕಿದೆ. ಬಟ್ಟೆ ಕಟ್ಟಲಾ? ರೇಬೀಸ್ ಲಸಿಕೆ ಹೋದ ವರ್ಷ ಹಾಕಿಸಿದ್ದೇವೆ.

ಅಡಿಕೆ ಸೋಗೆ
ನಮ್ಮಲ್ಲೂ ಅರಿಶಿನವೇ ಹಚ್ಚುವುದು. ನಾಯಿ ನೆಕ್ಕಿಕೊಂಡು ವಾಸಿ ಮಾಡಿಕೊಳ್ಳುತ್ತದೆ, ಸುಮ್ನೆ ಹೆದರಬೇಡಿ.

ನಿವೃತ್ತ ಪಶು ಸಹಾಯಕ, ತೀರ್ಥಹಳ್ಳಿ
ಕುತ್ತಿಗೆಯ ಗಾಯಕ್ಕೆ ಅದರ ನಾಲಿಗೆ ಎಟುಕುವುದೇ ಇಲ್ಲ. ಎಟುಕಿದರೂ ನೆಕ್ಕಲು ಬಿಡಬಾರದು, ಬಾಯಿಯ ಕ್ರಿಮಿ ಗಾಯಕ್ಕೆ ಇಳಿಯುತ್ತದೆ.

ಸಣ್ಣ ತೂತು ಅಂತ ಸಮಾಧಾನ ಪಡಬೇಡಿ. ನಾಯಿಯ ಚರ್ಮ ಸಡಿಲ. ಕೋರೆಹಲ್ಲು ಒಳಗೆ ಹೋದ ಮೇಲೆ ಕಚ್ಚಿದ ನಾಯಿ ತಲೆ ಜಾಡಿಸುತ್ತದಲ್ಲ, ಆಗ ಮೇಲೆ ತೂತು ಮಾತ್ರ ಕಾಣುತ್ತದೆ, ಒಳಗೆ ಮಾಂಸ ಹರಿದು ಚೀಲದ ಹಾಗೆ ಜಾಗ ಆಗಿರುತ್ತದೆ. ಜೊಲ್ಲು, ಕೂದಲು, ಮಣ್ಣು ಎಲ್ಲ ಅಲ್ಲೇ ಉಳಿಯುತ್ತವೆ. ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ಅರಿಶಿನ ಮೆತ್ತಿದರೆ ಆ ತೂತು ಇನ್ನೂ ಬೇಗ ಮುಚ್ಚುತ್ತದೆ. ಊಟ ಬಿಟ್ಟಿದ್ದಾನೆ ಅಂದರೆ ನೋವೋ ಜ್ವರವೋ ಶುರುವಾಗಿದೆ. ಖಾಸಗಿ ಡಾಕ್ಟರ್ ಯಾರಾದರೂ ಸಿಗುತ್ತಾರಾ ಅಂತ ಇವತ್ತೇ ವಿಚಾರಿಸಿ. ಒಸಡು ಬಿಳಿಚಿಕೊಂಡರೆ, ಏದುಸಿರು ಬಿಟ್ಟರೆ, ಕುತ್ತಿಗೆ ಒತ್ತಿದಾಗ ಚರ್ಮದಡಿ ಗಾಳಿ ತುಂಬಿದ ಹಾಗೆ ಚರಚರ ಅಂದರೆ ಒಂದು ಗಂಟೆಯೂ ಕಾಯಬೇಡಿ, ಶಿವಮೊಗ್ಗಕ್ಕಾದರೂ ಸರಿ, ಹೊರಡಿ.

ಅಲ್ಲಿವರೆಗೆ ಇಷ್ಟು ಮಾಡಿ. ಉಸಿರಾಟ ಸರಿಯಿದ್ದರೆ ಬಾಯಿಗೆ ಮೆತ್ತನೆ ಬಟ್ಟೆ ಕಟ್ಟಿ, ಎಷ್ಟೇ ಪಾಪದ ನಾಯಿಯಾದರೂ ನೋವಿಗೆ ಕಚ್ಚುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಸುತ್ತಲಿನ ಕೂದಲು ಕತ್ತರಿಸಿ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಸೂಜಿ ತೆಗೆದ ಸಿರಿಂಜಿನಲ್ಲಿ ಗಾಯದ ಮೇಲೆ ಧಾರಾಳವಾಗಿ ಬಿಡಿ. ತೂತಿನೊಳಗೆ ಜೋರಾಗಿ ನುಗ್ಗಿಸಬೇಡಿ. ಬೆಟಾಡಿನ್ ಇದ್ದರೆ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಾಕಿ. ಸ್ಪಿರಿಟ್, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಬಟ್ಟೆ ಕಟ್ಟಬೇಡಿ, ಒಳಗಿನ ನೀರು ಹೊರಗೆ ಬರಲಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಖಂಡಿತ ಕೊಡಬೇಡಿ, ನಾಯಿಗೆ ಅವು ವಿಷವಾಗುತ್ತವೆ.

ಆಶಾ ಕಾರ್ಯಕರ್ತೆ
ಬೀದಿನಾಯಿಯ ಜೊಲ್ಲು ತಾಗಿದ ಗಾಯವನ್ನು ಅಮ್ಮ ಬರಿಗೈಯಲ್ಲಿ ಮುಟ್ಟಿದ್ದಾರಲ್ವಾ? ಕೈಯಲ್ಲಿ ಗೀರು, ಗಾಯ ಇದ್ದರೆ ಈಗಲೇ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಲಿ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆ ಆದರೆ 0 (ಮೊದಲ ಡೋಸಿನ ದಿನ), 3, 7, 28ನೇ ದಿನ ಇರುತ್ತದೆ, ನಡುವೆ ಬಿಡಬಾರದು. ಕರಿಯನಿಗೂ ಹಳೆ ಲಸಿಕೆ ಸಾಕು ಅನ್ನಬೇಡಿ, ಕೂಡಲೇ ಇನ್ನೊಂದು ಡೋಸ್ ಬೇಕು.

ತೋಟದಮನೆ, ಕೊಪ್ಪ
ಡಾಕ್ಟರ್ ಸಿಕ್ಕರು. ತೂತು ದೊಡ್ಡದು ಮಾಡಿ ತೊಳೆದು ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಕರಿಯನಿಗೆ ರೇಬೀಸ್ ಲಸಿಕೆಯೂ ಆಯಿತು. ಅಮ್ಮನ ಬೆರಳಲ್ಲಿ ಕತ್ತಿ ತಾಗಿದ ಗಾಯ ಇತ್ತು, ಅವರಿಗೂ ಮೊದಲ ಲಸಿಕೆ ಹಾಕಿಸಿದೆವು. ಆದರೆ ಕರಿಯನ ಗಾಯಕ್ಕೆ ಹೊಲಿಗೆ ಹಾಕದೆ ಹಾಗೇ ಬಿಟ್ಟಿದ್ದಾರೆ, ಸರಿನಾ?

ನಿವೃತ್ತ ಪಶು ಸಹಾಯಕ, ತೀರ್ಥಹಳ್ಳಿ
ಸರಿಯಾಗೇ ಮಾಡಿದ್ದಾರೆ. ಕೊಳಕು ಗಾಯ ಹೊಲಿದರೆ ಕೀವಿಗೆ ದಾರಿ ಇರುವುದಿಲ್ಲ. ಒಳಗಿನಿಂದ ತುಂಬಿಕೊಂಡು ಬರಲಿ. ತೆಳುವಾಗಿ ಕೆಂಪು ನೀರು ಒಸರಿದರೆ ಗಾಬರಿ ಬೇಡ. ದಪ್ಪಗಾಗಿ ವಾಸನೆ ಬಂದರೆ ಡಾಕ್ಟರಿಗೆ ತೋರಿಸಿ. ನಮ್ಮ ಕಡೆ ಮಳೆಗಾಲದಲ್ಲಿ ನೊಣ ಜಾಸ್ತಿ, ತೆರೆದ ಗಾಯದಲ್ಲಿ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಬೇಡಿ, ಒಳಗೆ ಮಲಗಿಸಿ. ಬೆಳಿಗ್ಗೆ ಸಂಜೆ ಟಾರ್ಚ್ ಹಿಡಿದು ನೋಡಿ. ಲವಲವಿಕೆ ಬಂತು ಅಂತ ಮಾತ್ರೆ ಮಧ್ಯದಲ್ಲಿ ನಿಲ್ಲಿಸಬೇಡಿ.