ಪದಚರ್ಚೆ: ಟರ್ನ್‌ಟೇಬಲ್‌ಗೆ ಕನ್ನಡದಲ್ಲಿ ಏನು? ನಾಳೆ ಸಂಜೆಯೊಳಗೆ ಬೇಕು

ಗೆಳೆಯರೇ,
ಗಾನತಟ್ಟೆ ಕೇಳಲು ಹೊಸದಾಗಿ ಯಂತ್ರ ಕೊಳ್ಳುವವರಿಗಾಗಿ ಎಂಟು ಪುಟದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡಿರುವ ಪದಗಳು: ಟರ್ನ್‌ಟೇಬಲ್ (ಅಂದರೆ ಆ ಯಂತ್ರವೇ), ಕಾರ್ಟ್ರಿಜ್ (ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳನ್ನು ತೋಳಿನ ತುದಿಯಲ್ಲಿ ಹಿಡಿದಿರುವ ಭಾಗ), ಟ್ರ್ಯಾಕಿಂಗ್ ಫೋರ್ಸ್, ಆಂಟಿ-ಸ್ಕೇಟ್. ನಿಘಂಟು ನಂಬಿ ಕಾರ್ಟ್ರಿಜ್‌ಗೆ ‘ತೋಟಾ’ ಎಂದು ಬರೆದಿದ್ದೆ. ‘ತೋಟಾ ಸವೆದರೆ ಬದಲಾಯಿಸಿ’ ಎಂಬ ಸಾಲನ್ನು ಓದಿದ ತಂಗಿ, ಇದು ಬಂದೂಕಿನ ಪುಸ್ತಕವೇ ಎಂದು ಕೇಳಿದಳು. ‘ಗ್ರಾಮಫೋನು’ ಎಂದುಬಿಡೋಣವೆಂದರೆ ಕಣ್ಣಿಗೆ ಬರುವುದು ಕೀಲಿ ಕೊಡುವ, ಕಹಳೆ ಬಾಯಿಯ ಪೆಟ್ಟಿಗೆ.

* * *

ತಿಗರಿ.
ಬೇರೆ ಪದವನ್ನು ಹುಡುಕುವುದೇಕೆ? ಕುಂಬಾರನ ತಿಗರಿ ಮಟ್ಟಸವಾಗಿ ಸುತ್ತುವ ಚಕ್ರ, ಇದೂ ಅದೇ. ತಮಿಳಿನಲ್ಲಿ ತಿಕಿರಿ. ‘ಹಾಡುತಿಗರಿ’ ಎಂದರೆ ಮುಗಿಯಿತು. ‘ಯಂತ್ರ’ವೂ ಬೇಡ, ‘ಧ್ವನಿ’ಯೂ ಬೇಡ, ಗ್ರಾಮಫೋನಂತೂ ಬೇಡವೇ ಬೇಡ.

* * *

ಗ್ರಾಮಫೋನನ್ನು ಅಷ್ಟು ಹಗುರವಾಗಿ ತಳ್ಳಬೇಡಿ. ಅದರ ‘ಗ್ರಾಮ’ ನಮ್ಮದೇ: ಷಡ್ಜಗ್ರಾಮ, ಮಧ್ಯಮಗ್ರಾಮಗಳಲ್ಲಿ ಬರುವ ಗ್ರಾಮ, ಅಂದರೆ ಸ್ವರಸಮೂಹ. ಈ ವಿಷಯವನ್ನು ಇಲ್ಲೇ ಮೂರು ಸಲ ಬರೆದಿದ್ದೇನೆ.

* * *

> ಮೂರು ಸಲ ಬರೆದಿದ್ದೇನೆ

ಮೂರು ಸಲವೂ ತಪ್ಪಾಗಿತ್ತು. ಗ್ರೀಕಿನಲ್ಲಿ ‘ಗ್ರಾಮ್ಮ’ ಬರಹ, ‘ಫೋನೆ’ ದನಿ. ಎಡಿಸನ್ 1877ರಲ್ಲಿ ಮಾಡಿದ್ದು ಫೋನೋಗ್ರಾಫ್. ಹತ್ತು ವರ್ಷದ ಬಳಿಕ ಬರ್ಲಿನರ್ ತನ್ನ ಯಂತ್ರಕ್ಕೆ ಹೆಸರಿಡುವಾಗ ಆ ತುಂಡುಗಳನ್ನೇ ಹಿಂದುಮುಂದು ಮಾಡಿದ. ಮೂಲದಲ್ಲಿರುವುದು ‘ಮೋ’, ಅದನ್ನು ‘ಮ’ ಮಾಡಿಕೊಂಡವರು ನಾವು. ಆ ಸ್ವರಗ್ರಾಮಗಳನ್ನು ಹೇಳಿದ ಭರತಮುನಿಗೆ ಇದರಲ್ಲಿ ಪಾಲಿಲ್ಲ.

* * *

ಈ ಯಂತ್ರಗಳನ್ನು ರಿಪೇರಿ ಮಾಡುವವನು ನಾನು, ಭಾಷಾಶಾಸ್ತ್ರಿಯಲ್ಲ. ತಿಗರಿ ಚೆಂದದ ಪದ. ಆದರೆ ಅದು ಸಲ್ಲುವುದು ತಟ್ಟೆ ಕೂರುವ ಚಕ್ರಕ್ಕೆ, ಇಡೀ ಯಂತ್ರಕ್ಕಲ್ಲ. ನಿಮಿಷಕ್ಕೆ 33⅓ ಮತ್ತು 45 ಸುತ್ತಿನ ವೇಗ ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಗುತ್ತದೆ. ಹಳೆಯ ಅರಗಿನ ತಟ್ಟೆಗಳನ್ನು ಇಟ್ಟುಕೊಂಡವರು ಮಾತ್ರ 78 ಇದೆಯೇ ಎಂದು ನೋಡಬೇಕು, ಜೊತೆಗೆ ಬೇರೆ ಮುಳ್ಳನ್ನೂ ಕೊಳ್ಳಬೇಕು. ಎಲ್‌ಪಿಯ, ಅಂದರೆ 33⅓ರ ತಟ್ಟೆಯ, ಸಣ್ಣ ಮುಳ್ಳು ಆ ಅಗಲದ ಗೀರಿನಲ್ಲಿ ತಳಕ್ಕೆ ಇಳಿದುಬಿಡುತ್ತದೆ.

ಕೊಳ್ಳುವವರು ನಿಜವಾಗಿ ನೋಡಬೇಕಾದದ್ದು ತೋಳನ್ನು. ಅದರ ಹಿಂತುದಿಯಲ್ಲಿ ತಿರುಗಿಸಬಹುದಾದ ಒಂದು ತೂಕವಿದೆಯೇ? ಅದನ್ನು ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ತೋಳು ತಕ್ಕಡಿಯ ದಂಡಿಗೆಯಂತೆ ಏಳದೆ ಬೀಳದೆ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಅಂಕಿಯ ಬಳೆಯನ್ನು ಸೊನ್ನೆಗೆ ತಂದು, ತೂಕವನ್ನು ತಯಾರಕರು ಹೇಳಿದಷ್ಟು, ಹೆಚ್ಚಾಗಿ ಒಂದೂವರೆಯಿಂದ ಎರಡು ಗ್ರಾಂ, ಮುಂದಕ್ಕೆ ತರಬೇಕು. ಟ್ರ್ಯಾಕಿಂಗ್ ಫೋರ್ಸ್ ಎಂದರೆ ಇಷ್ಟೇ. ಗ್ರಾಮಿನಲ್ಲಿ ಅಳೆಯುವುದಕ್ಕೆ ‘ಜಾಡುಬಲ’ ಗೀಡುಬಲ ಏಕೆ? ‘ಮುಳ್ಳಿನ ಭಾರ’ ಎನ್ನಿ. ಭಾರ ಕಡಿಮೆಯಾದಷ್ಟೂ ತಟ್ಟೆಗೆ ಒಳ್ಳೆಯದು ಎಂದು ಜನ ತಿಳಿದಿದ್ದಾರೆ. ತೀರ ಕಡಿಮೆಯಾದರೆ ಮುಳ್ಳು ಗೀರಿನಲ್ಲಿ ಕುಣಿದು ಗೋಡೆಗಳನ್ನೇ ಕೆಡಿಸುತ್ತದೆ. ಈ ಮಾತು ನಿಮ್ಮ ಕೈಪಿಡಿಯಲ್ಲಿ ಇಲ್ಲದಿದ್ದರೆ ಸೇರಿಸಿ.

ತಟ್ಟೆಯ ಉಜ್ಜಾಟ ತೋಳನ್ನು ನಡುವಿನತ್ತ ಸೆಳೆಯುತ್ತದೆ. ಅದಕ್ಕೆ ಎದುರಾಗಿ ತುಸು ಹೊರಕ್ಕೆ ಎಳೆಯುವುದೇ ಆಂಟಿ-ಸ್ಕೇಟ್. ‘ಒಳಸೆಳೆತ ತಡೆ’ ಆಗಬಹುದು. ‘ಜಾರುತಡೆ’ ಎಂದರೆ ಬಚ್ಚಲಿಗೆ ಹಾಸುವ ಚಾಪೆಯಾಗುತ್ತದೆ. ಕಾರ್ಟ್ರಿಜ್ ಹಾಗೆಯೇ ಇರಲಿ. ಅಂದ ಹಾಗೆ, ಸವೆಯುವುದು ಅದಲ್ಲ, ಅದರ ಮುಳ್ಳು. ತೋಟಾ ತೆಗೆದರೂ ನಿಮ್ಮ ಸಾಲು ತಪ್ಪೇ.

* * *

> ಕಾರ್ಟ್ರಿಜ್ ಹಾಗೆಯೇ ಇರಲಿ

ಏಕಿರಬೇಕು? ‘ಮುಳ್ಳುಗೂಡು’ ಎನ್ನಲು ಏನಡ್ಡಿ? ಎಲ್ಲಕ್ಕೂ ‘ಇರಲಿ’ ಎನ್ನುವ ಈ ಸೋಮಾರಿತನದಿಂದಲೇ ಕನ್ನಡದಲ್ಲಿ ಇಂದು ವಿಭಕ್ತಿಪ್ರತ್ಯಯಗಳಷ್ಟೇ ಉಳಿದಿವೆ. ಕ್ಯಾಸೆಟ್ಟಿಗೆ ‘ಧ್ವನಿಸುರುಳಿ’ ಎಂದಾಗಲೂ ನಕ್ಕವರಿದ್ದರು. ಪದ ನಿಂತಿತಲ್ಲ?

* * *

ನಿಂತದ್ದು ‘ಧ್ವನಿಸುರುಳಿ ಬಿಡುಗಡೆ ಸಮಾರಂಭ’ದ ಆಹ್ವಾನಪತ್ರಿಕೆಗಳಲ್ಲಿ. ಅಂಗಡಿಗೆ ಹೋದವರು ಕ್ಯಾಸೆಟ್ಟನ್ನೇ ಕೇಳುತ್ತಿದ್ದರು. ಮೇಲಾಗಿ ‘ಧ್ವನಿ’ ಬೇಡವೆಂದು ಬೆಳಿಗ್ಗೆ ಬರೆದವರು ತಾವೇ.

* * *

ಗೂಡು ಎಂದರೆ ಬರಿಯ ಹೊದಿಕೆ. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಅಯಸ್ಕಾಂತವೂ ತಂತಿಸುರುಳಿಗಳೂ ಅದರೊಳಗಿವೆ. ಕಾರ್ಟ್ರಿಜ್ ಬದಲಾಯಿಸದೆ ಮುಳ್ಳನ್ನಷ್ಟೇ ಬದಲಾಯಿಸಬಹುದೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಅಂಗಡಿಯವನನ್ನು ‘ಮುಳ್ಳುಗೂಡು’ ಎಂದು ಕೇಳಿ ನೋಡಿ, ಮುಖ ನೋಡುತ್ತಾನೆ.

* * *

ಎಲ್ಲರಿಗೂ ವಂದನೆ. ಟರ್ನ್‌ಟೇಬಲ್, ಕಾರ್ಟ್ರಿಜ್ ಇದ್ದಂತೆಯೇ ಇವೆ. ಚಕ್ರಕ್ಕೆ ತಿಗರಿ, ಜೊತೆಗೆ ಮುಳ್ಳಿನ ಭಾರ, ಒಳಸೆಳೆತ ತಡೆ. ಆದರೆ ಕೊನೆಯ ಪುಟದಲ್ಲಿ ‘ಫೋನೋ ಪ್ರೀಆಂಪ್’ ಇದೆ. ಅದನ್ನು ಮೊಬೈಲ್ ಫೋನಿಗೆ ಜೋಡಿಸುವ ಸಾಧನವೆಂದು ತಂಗಿ ತಿಳಿದಳು. ಕಾರ್ಟ್ರಿಜ್ ಕೊಡುವ ಕೆಲವೇ ಮಿಲಿವೋಲ್ಟ್‌ಗಳನ್ನು ಹಿಗ್ಗಿಸಿ, ಕೊರೆಯುವಾಗ ತಗ್ಗಿಸಿದ್ದ ಮಂದ್ರವನ್ನು ಮತ್ತೆ ಏರಿಸುವ ಪೆಟ್ಟಿಗೆ ಎಂದು ವಿವರಿಸಿದ್ದೇನೆ, ಹೆಸರು ಸಿಕ್ಕಿಲ್ಲ. ಇನ್ನು ಎರಡು ಗಂಟೆ ಇದೆ.

* * *

ಮೊದಲು ‘ಫೋನೋ’ದ ವ್ಯುತ್ಪತ್ತಿಯನ್ನು ನೋಡೋಣ. ಸಂಸ್ಕೃತದ ‘ಭಣ್’ ಧಾತು...